ಬೇಡುವಾಗ ಒಂದೇ ದನಿ, ಮಾಡುವಾಗ?

ನಮ್ಮ ರಾಜಕೀಯ ಪಕ್ಷಗಳು ಎಂದೂ ಒಂದಾಗುವುದಿಲ್ಲವೆಂದು ಪಟ್ಟಣದ ವಿದ್ಯಾವಂತರು ಹಳಹಳಿಸುವುದುಂಟು. ಈ ಮಾತು ನಿಜವಲ್ಲ. ಬೇಕಾದಾಗ ಅವು ಬಲು ಸಲೀಸಾಗಿ ಒಂದಾಗುತ್ತವೆ. 2025ರ ಮಾರ್ಚ್ ತಿಂಗಳಲ್ಲಿ ವಿಧಾನಸಭೆ ಗದ್ದಲದಲ್ಲಿ ಮುಳುಗಿದ್ದಾಗಲೇ ಶಾಸಕರ ವೇತನವನ್ನು 40 ಸಾವಿರ ರೂಪಾಯಿಯಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಚರ್ಚೆಯೇ ಇಲ್ಲದೆ ಅಂಗೀಕಾರವಾಯಿತು. ಗದ್ದಲವೆದ್ದದ್ದು ಬೇರೆ ವಿಷಯಗಳಿಗೆ, ಈ ಮಸೂದೆಗಲ್ಲ. ಆದ್ದರಿಂದ ಒಂದಾಗಬಲ್ಲರೇ ಎಂದು ಕೇಳುವುದು ವ್ಯರ್ಥ. ಯಾವುದಕ್ಕೆ ಒಂದಾಗುತ್ತಾರೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಘನವಾದ ಕಾರ್ಯಕ್ಕೂ ಅವರು ಒಂದಾದದ್ದುಂಟು. ಹೈದರಾಬಾದು ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರು ವರ್ಷಗಟ್ಟಲೆ ಹೋರಾಡಿದರು. 2010ರ ಮಾರ್ಚ್ ತಿಂಗಳಲ್ಲಿ ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷದ ಸರ್ಕಾರವಿದ್ದಾಗ ವಿಧಾನಮಂಡಲದ ಎರಡು ಸದನಗಳೂ ಅದಕ್ಕಾಗಿ ನಿರ್ಣಯ ಮಾಡಿದವು. ಆಗ ಕೇಂದ್ರದಲ್ಲಿದ್ದುದು ಕಾಂಗ್ರೆಸ್ ನೇತೃತ್ವದ ಸರ್ಕಾರ. ಅದರಲ್ಲಿ ಮಂತ್ರಿಯಾಗಿದ್ದವರು ಗುರುಮಠಕಲ್ಲಿನಿಂದ ಎಂಟು ಬಾರಿ ಶಾಸಕರಾಗಿ ಆರಿಸಿಬಂದಿದ್ದ ಮಲ್ಲಿಕಾರ್ಜುನ ಖರ್ಗೆಯವರು. 2012ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿತು; 371(ಜೆ) ವಿಧಿ ಸಂವಿಧಾನದಲ್ಲಿ ಸೇರಿತು. ಒಂದು ಪಕ್ಷ ಕೇಳಿತು, ಇನ್ನೊಂದು ಪಕ್ಷ ಕೊಟ್ಟಿತು. ಪ್ರಜಾಪ್ರಭುತ್ವ ತಲೆಯೆತ್ತಿ ನಿಂತ ಗಳಿಗೆಯದು.

ಕೇಳಿದವರ ಹಸಿವು ಸಣ್ಣದಾಗಿರಲಿಲ್ಲ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ನಾಡಿನ 39 ಅತ್ಯಂತ ಹಿಂದುಳಿದ ತಾಲೂಕುಗಳ ಪೈಕಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಸೇರಿದ್ದವು. ಈ ಮೂರನ್ನೂ ಗುಲ್ಬರ್ಗದಿಂದ ಬಿಡಿಸಿ 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯನ್ನು ಕಟ್ಟಿದರು. 2011ರ ಜನಗಣತಿಯಲ್ಲಿ ಹೊಸ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ನ್ನೂ ಮುಟ್ಟಲಿಲ್ಲ; ರಾಜ್ಯಕ್ಕೆಲ್ಲ ಕಡೆಯ ಸ್ಥಾನ. ವಿಧಿ ಬಂದು ಹತ್ತು ವರ್ಷ ಕಳೆದ ಮೇಲೆ, 2023ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿಯೂ ಅದೇ ಕಡೆಯ ಸ್ಥಾನ. 2024ರಲ್ಲಿಯೂ ಅದೇ, ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮಾತ್ರ ತೇರ್ಗಡೆಯಾದರು.

ಹಾಗಾದರೆ ಪಡೆದದ್ದು ಎಲ್ಲಿ ಹೋಯಿತು? ಹಣವಿಲ್ಲವೆನ್ನುವ ಕಾಲ ಹೋಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ನೇ ಸಾಲಿನ ಮುಂಗಡ ಪತ್ರದಲ್ಲಿ 5,000 ಕೋಟಿ ರೂಪಾಯಿ ತೋರಿಸಿದರು. ಆದರೆ ಆ ಹಣದ ದೊಡ್ಡ ಪಾಲು ವಿಧಾನಸಭಾ ಕ್ಷೇತ್ರಗಳ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಕಾಮಗಾರಿಗಳ ಪಟ್ಟಿ ಶಾಸಕರ ಶಿಫಾರಸಿನಿಂದ ಬರುತ್ತದೆ. ಬೇಡುವಾಗ ಒಂದೇ ಮನೆಯವರಾಗಿದ್ದವರು ಪಡೆದ ಮರುದಿನವೇ ಪಾಲುಪಟ್ಟಿ ಮಾಡಿಕೊಂಡ ಅಣ್ಣತಮ್ಮಂದಿರಾದರು. ಅವರವರ ಹೊಲಕ್ಕೆ ಅವರವರ ಬದು. ಹೀಗೆ ಹಂಚಿಕೊಂಡ ಹಣ ಸಹಜವಾಗಿ ಕಟ್ಟಡದ ಕಡೆಗೆ ಹರಿಯುತ್ತದೆ. ಕಟ್ಟಡಕ್ಕೆ ಶಂಕುಸ್ಥಾಪನೆ ಉಂಟು, ಕಲ್ಲಿನ ಮೇಲೆ ಹೆಸರುಂಟು. ಶಾಲೆಗೆ ಬಂದ ಮೇಷ್ಟರಿಗೆ, ದವಾಖಾನೆಗೆ ಬಂದ ದಾದಿಗೆ ಶಂಕುಸ್ಥಾಪನೆ ಮಾಡಲು ಬರುತ್ತದೆಯೇ?

ಆದರೆ ನೀರು ಬದುವನ್ನು ಕೇಳುವುದಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆ ಕ್ಷೇತ್ರದ ಗಡಿ ನೋಡಿ ತಿರುಗುವುದಿಲ್ಲ. ಮೇಲಿನವರು ತುಂಬಿಸಿಕೊಂಡರೆ ಕೆಳಗಿನವರ ತೂಬು ಒಣಗುತ್ತದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ವಿಷ ಕಂಡುಬಂದಿತ್ತು. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ಭಾಗದ ಅನಪುರದಲ್ಲಿ ಕೆಟ್ಟ ನೀರು ಕುಡಿದು ಜನ ಸತ್ತರು. ಸತ್ತವರು ಯಾವ ಪಕ್ಷಕ್ಕೆ ಮತ ಹಾಕಿದ್ದರೆಂದು ನೀರು ವಿಚಾರಿಸಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಪ್ರಧಾನಮಂತ್ರಿಗಳು ಕೊಡೇಕಲ್ಲಿನಲ್ಲಿ 2,050 ಕೋಟಿ ರೂಪಾಯಿಗೂ ಮಿಕ್ಕ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲಿಟ್ಟಿದ್ದರು. ಜಿಲ್ಲೆಯ 700ಕ್ಕೂ ಹೆಚ್ಚು ಜನವಸತಿಗಳಿಗೂ ಮೂರು ಪಟ್ಟಣಗಳಿಗೂ ಒಂದೇ ಶುದ್ಧೀಕರಣ ಘಟಕ, ಒಂದೇ ಕೊಳವೆಯ ಜಾಲ. ಇಂಥದ್ದನ್ನು ನಾಲ್ಕು ತುಂಡು ಮಾಡಿ ನಾಲ್ವರು ಕಾಯುವುದು ಹೇಗೆ?

ಇಲ್ಲಿ ಒಂದೇ ಪಕ್ಷವನ್ನು ದೂರುವಂತೆಯೂ ಇಲ್ಲ. ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ 2018ರಲ್ಲಿ ಎರಡು ಭಾ.ಜ.ಪ.ಕ್ಕೆ, ಒಂದು ಕಾಂಗ್ರೆಸ್ಸಿಗೆ, ಒಂದು ಜನತಾದಳಕ್ಕೆ ಹೋದವು. 2023ರಲ್ಲಿ ಮೂರು ಕಾಂಗ್ರೆಸ್ಸಿಗೆ, ಒಂದು ಜನತಾದಳಕ್ಕೆ. ಮೂರು ಪಕ್ಷಗಳಿಗೂ ಜನ ಅವಕಾಶ ಕೊಟ್ಟಾಗಿದೆ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋಯಿತು. ಮೊದಲು ಒಂದು ಪಕ್ಷ ಆಳಿತು, ಬಳಿಕ ಇನ್ನೊಂದು. ವಿಳಂಬದಲ್ಲಿ ಮಾತ್ರ ಪಕ್ಷಭೇದ ಕಾಣಲಿಲ್ಲ. ಹಳ್ಳಿಯವನ ದೂರು ಕೇಳಲು ಶಾಸಕರೊಬ್ಬರೇ ಉಳಿದಾಗ ಅವರ ಹೊಣೆ ಇಮ್ಮಡಿಯಾಯಿತಲ್ಲವೇ?

"ಶಾಸಕರೆಲ್ಲ ಒಂದಾದರೆ ವಿರೋಧ ಪಕ್ಷವೆಲ್ಲಿ? ಇದೇ ಅಲ್ಲವೇ ಹೊಂದಾಣಿಕೆ ರಾಜಕೀಯ?" ಎಂದು ಕೆಲವರು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಂದಾಣಿಕೆ ಬೇರೆ, ಸಹಕಾರ ಬೇರೆ. ಹೊಂದಾಣಿಕೆ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಅದರ ಫಲ ಗುತ್ತಿಗೆದಾರನಿಗೆ. ಸಹಕಾರ ಬಾಗಿಲು ತೆರೆದು ನಡೆಯುತ್ತದೆ. ಅದರ ಲೆಕ್ಕ ಜನರಿಗೆ. ನಾಲ್ವರೂ ಸೇರಿ ಒಂದು ಪಟ್ಟಿಗೆ ಸಹಿ ಹಾಕಿ, ಅದನ್ನು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ವಿರೋಧಕ್ಕೆ ಎಡೆ ತಪ್ಪುವುದಿಲ್ಲ. ಬೈಯುವವನಿಗೆ ಆಧಾರ ಸಿಗುತ್ತದೆ.

ಜಿಲ್ಲೆಯಲ್ಲಿ ಕೆ.ಡಿ.ಪಿ. ಸಭೆ ನಡೆಯುತ್ತದಲ್ಲ ಎನ್ನಬಹುದು. ಅಲ್ಲಿ ಶಾಸಕರು ಅಧಿಕಾರಿಗಳನ್ನು ಗದರುತ್ತಾರೆ. ಒಬ್ಬರಿಗೊಬ್ಬರು ಮಾತು ಕೊಡುವುದಿಲ್ಲ. ಬೇಕಾದದ್ದು ಆ ಮಾತು. ಯಾದಗಿರಿಯಲ್ಲಿ ತಿಂಗಳಿಗೊಮ್ಮೆ ನಾಲ್ವರೂ ಕೂಡಲಿ. ಮೂರೇ ವಿಷಯ ಹಿಡಿಯಲಿ: ಶಾಲೆಯ ಖಾಲಿ ಹುದ್ದೆ, ಆರೋಗ್ಯ ಕೇಂದ್ರದ ವೈದ್ಯರು, ಕುಡಿಯುವ ನೀರು. ಎಲ್ಲಕ್ಕಿಂತ ಹೆಚ್ಚು ಕೆಟ್ಟಿರುವ ಊರು ಯಾರ ಕ್ಷೇತ್ರದಲ್ಲಿದ್ದರೂ ಮೊದಲ ಹಣ ಅಲ್ಲಿಗೇ ಎಂದು ಒಪ್ಪಲಿ. ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕೆಂದು 371(ಜೆ) ವಿಧಿಯೇ ಹೇಳುತ್ತದೆ. ಆ ದಿನ ನಾಲ್ವರೂ ಒಟ್ಟಿಗೆ ಎದ್ದು ನಿಂತು ಲೆಕ್ಕ ಕೇಳಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಾಸೂ ಬೇಡ. ನೆರೆಯವನ ಊರಿಗೆ ನೀರು ಬಂದರೆ ತನ್ನ ಮತ ಕಡಿಮೆಯಾದೀತೆಂಬ ಅಂಜಿಕೆಯನ್ನು ಬಿಟ್ಟರೆ ಸಾಕು.

ಇದು ದೂರದ ಜಿಲ್ಲೆಯ ಗೋಳೆಂದು ಬೆಂಗಳೂರಿನ ವಾಚಕರು ಪುಟ ಮಗುಚಬಾರದು. ಸುಗ್ಗಿ ಮುಗಿದೊಡನೆ ಸುರಪುರ, ಶಹಾಪುರಗಳ ಹಳ್ಳಿಗಳಿಂದ ಗುಳೆ ಹೊರಡುವ ಸಂಸಾರಗಳು ಬಂದು ನಿಲ್ಲುವುದು ನಮ್ಮ ಬಡಾವಣೆಗಳಲ್ಲೇ. ನಮ್ಮ ಮನೆಗಳಿಗೆ ಗಾರೆ ಹೊತ್ತವರು ಅವರು. ಆ ಮರಳ ರಾಶಿಯ ಮೇಲೆ ಆಡುವ ಮಕ್ಕಳು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದವರು. ಅವರು ಒಮ್ಮೆ ಬೇಡಿ ಪಡೆದಾಗಿದೆ. ಇನ್ನು ಅವರಿಗೆ ಸಲ್ಲಬೇಕಾದದ್ದು ಭಿಕ್ಷೆಯಲ್ಲ, ಬಾಕಿ. ಬಾಕಿ ತೀರಿಸಲು ಪಕ್ಷವೇಕೆ ಬೇಕು?