ಅರಿಕುಠಾರದ ಕೂಸನ್ನು ಮರೆತು ಶಾಪದ ಮಾತೇಕೆ?

ಚಾಮರಾಜನಗರದ ಹೆಸರೆತ್ತಿದರೆ ಸಾಕು, ವಿಧಾನಸೌಧದ ಮೊಗಸಾಲೆಯಲ್ಲಿ ಹಳೆಯ ಮಾತೊಂದು ಎದ್ದು ಕೂರುತ್ತದೆ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲವಂತೆ! ಸಾಕ್ಷಿಗೆ ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲರ ಹೆಸರುಗಳನ್ನು ಸಾಲಾಗಿ ಜೋಡಿಸುತ್ತಾರೆ. 1997ರಲ್ಲಿ ಜಿಲ್ಲೆ ಹುಟ್ಟಿದಾಗಲೂ ಉದ್ಘಾಟನೆ ಜಿಲ್ಲಾ ಕೇಂದ್ರದಲ್ಲಿ ನಡೆಯಲಿಲ್ಲ. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಮಲೆ ಮಹದೇಶ್ವರ ಬೆಟ್ಟದಲ್ಲಿ ನಿಂತು ಅದನ್ನು ನೆರವೇರಿಸಿದರು.

ಹೀಗೆ ದೂರ ಇಟ್ಟ ಊರು ಯಾರ ಹೆಸರು ಹೊತ್ತಿದೆ ಎಂದು ಕೇಳಿದವರು ಕಡಿಮೆ.

ಊರಿನ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಅಲ್ಲಿನ ಅರಸು ಮನೆತನದಲ್ಲಿ ಗಂಡುಮಗುವೊಂದು ಹುಟ್ಟಿತು. ಆಗ ಮೈಸೂರಿನ ಸಿಂಹಾಸನಕ್ಕೆ ಒಡೆಯರಿದ್ದರು, ಅಧಿಕಾರವೆಲ್ಲ ಹೈದರಾಲಿಯದು. 1766ರಲ್ಲಿ ಪಟ್ಟಕ್ಕೆ ಬಂದ ನಂಜರಾಜ ಒಡೆಯರ್ ನಾಲ್ಕೇ ವರ್ಷದಲ್ಲಿ ಕೊಲೆಯಾದರು. ಅವರ ನಂತರದ ಬೆಟ್ಟದ ಚಾಮರಾಜರು 1776ರಲ್ಲಿ ತೀರಿಕೊಂಡರು. ಆಗ ಹೈದರ್ ರಾಜಬಂಧುಗಳ ಮಕ್ಕಳನ್ನೆಲ್ಲ ಕರೆಸಿ, ಹಣ್ಣು, ಮಿಠಾಯಿ, ಆಟಿಕೆ, ಆಯುಧಗಳನ್ನು ಅವರ ಮುಂದೆ ಹರಡಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಉಳಿದ ಮಕ್ಕಳು ತಿಂಡಿಗೆ ಮುಗಿಬಿದ್ದರೆ ಅರಿಕುಠಾರದ ಕೂಸು ಒಂದು ಕೈಯಲ್ಲಿ ಕಠಾರಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿಯಿತು. ಇವನೇ ರಾಜ ಎಂದು ತೀರ್ಮಾನವಾಯಿತು.

ಎರಡು ವರ್ಷದ ಆ ಮಗುವೇ ಖಾಸಾ ಚಾಮರಾಜ ಒಡೆಯರ್. ಕಠಾರಿ ಹಿಡಿದ ಕೈಗೆ ಒಂದು ದಿನವೂ ರಾಜ್ಯ ಸಿಗಲಿಲ್ಲ. ಮೊದಲು ಹೈದರ್, ಅವನ ನಂತರ ಟಿಪ್ಪು ಆಳಿದರು. ದೊರೆ ಶ್ರೀರಂಗಪಟ್ಟಣದ ಕಾವಲಿನಲ್ಲೇ ಬೆಳೆದರು. 1796ರ ಏಪ್ರಿಲ್‌ನಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ ಸಿಡುಬು ಅವರನ್ನು ಕೊಂಡೊಯ್ಯಿತು. ಟಿಪ್ಪು ಇನ್ನೊಬ್ಬ ಒಡೆಯರನ್ನು ಪಟ್ಟಕ್ಕೆ ಕೂರಿಸಲೇ ಇಲ್ಲ. ಆಗ ಚಾಮರಾಜರ ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ.

ಆ ಮಗನೇ 1799ರ ಜೂನ್ 30ರಂದು ಐದು ತುಂಬುವ ಮೊದಲೇ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರ್. ಮುಖವೂ ನೆನಪಿರದ ಅಪ್ಪನಿಗಾಗಿ 1818ರಲ್ಲಿ ಅವರು ಅರಿಕುಠಾರವನ್ನು ಚಾಮರಾಜನಗರ ಎಂದು ಕರೆದರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ದೇವಿಗೆ ತಾಯಿ ಕೆಂಪನಂಜಮ್ಮಣ್ಣಿಯ ನೆನಪಲ್ಲಿ ಕೆಂಪನಂಜಾಂಬ ಎಂದೇ ಹೆಸರು. ಅಪ್ಪ ಹುಟ್ಟಿದ ಜಾಗದಲ್ಲಿ ಜನನ ಮಂಟಪವೂ ಎದ್ದಿತು. ಹೆತ್ತವರ ಮಡಿಲು ನೆನಪಿರದ ಮಗನೊಬ್ಬ ಇಡೀ ಊರನ್ನೇ ಅವರ ನೆನಪಾಗಿಸಿದ ಉದಾಹರಣೆ ನಮ್ಮ ನಾಡಿನಲ್ಲಿ ಇನ್ನೆಷ್ಟು ಸಿಕ್ಕೀತು?

ಹುಡುಕಿದರೆ ಪಕ್ಕದ ಗುಂಡ್ಲುಪೇಟೆಯಲ್ಲೇ ಇನ್ನೊಂದಿದೆ. ಊಟಿ ರಸ್ತೆಯ ಹಂಗಳದಲ್ಲಿ ಚಿಕ್ಕದೇವರಾಜ ಒಡೆಯರ ಯೌವನ ಬಂಧನದಲ್ಲಿ ಕಳೆಯಿತು. ಇಟ್ಟವರು ಪರರಲ್ಲ, ಸ್ವಂತ ಚಿಕ್ಕಪ್ಪ. ಚಿಕ್ಕದೇವರಾಜರ ತಂದೆ ತೀರಿಕೊಂಡಿದ್ದು ಗುಂಡ್ಲುಪೇಟೆಯಲ್ಲಿ. 1673ರಲ್ಲಿ ಪಟ್ಟ ದಕ್ಕಿದ ಮೇಲೆ ಚಿಕ್ಕದೇವರಾಜರು ತಂದೆಯ ನೆನಪಿಗೆ ಅಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ಹಂಗಳದ ಕಷ್ಟದ ದಿನಗಳಲ್ಲಿ ಜೊತೆಗಿದ್ದ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರನ್ನು ಮಂತ್ರಿ ಮಾಡಿಕೊಂಡರು. 1686ರಲ್ಲಿ ಆ ಪಂಡಿತರೂ ಕೊಲೆಯಾದರು. ಇನ್ನು ದೊರೆಯ ಮಗ ಕಂಠೀರವ ನರಸರಾಜರಿಗೆ ಹುಟ್ಟಿನಿಂದ ಮಾತಿಲ್ಲ, ಕಿವಿ ಕೇಳದು. ಜನ ಅವರನ್ನು ಮೂಕರಸು ಎಂದರು.

ಇಂಥ ದುಃಖಗಳಿಗೆಲ್ಲ, ಒಡೆಯರ ಮನೆತನಕ್ಕೆ ತಟ್ಟಿತೆಂದು ಜನ ಹೇಳುವ ಅಲಮೇಲಮ್ಮನ ಶಾಪವೆಂಬ ಒಂದೇ ಹಣೆಪಟ್ಟಿ ಹಚ್ಚುವುದು ಸುಲಭ. ಹಾಗೆ ಹಚ್ಚಿದ ಕೂಡಲೇ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ. ಹೈದರನಿಗಿಂತ ಮೊದಲೇ, 1734ರಲ್ಲಿ, ಇನ್ನೊಬ್ಬ ಚಾಮರಾಜ ಒಡೆಯರು ಕಬ್ಬಾಳದುರ್ಗದ ಸೆರೆಯಲ್ಲಿ ಪ್ರಾಣಬಿಟ್ಟಿದ್ದು ದಳವಾಯಿಗಳ ಅಧಿಕಾರದಾಸೆಗೆ. ಖಾಸಾ ಚಾಮರಾಜರನ್ನು ಕೊಂದದ್ದು ಮದ್ದಿಲ್ಲದ ರೋಗ. ಅವರು ಸತ್ತ ಮರುತಿಂಗಳು, 1796ರ ಮೇ 14ರಂದು, ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಒಬ್ಬ ಹುಡುಗನಿಗೆ ಮೊದಲ ಬಾರಿ ಲಸಿಕೆ ಚುಚ್ಚಿದ್ದ!

ಅರಮನೆಯವರು ಶಾಪವೆಂದು ಕೈಕಟ್ಟಿ ಕೂರಲಿಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಬಿಡಿಸಿದ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಆಕೆ ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಹಸುವಿನ ರೋಗದಿಂದ ಬಂದ ಮದ್ದೆಂದು ಜನ ಅಳುಕುತ್ತಿದ್ದ ಕಾಲವದು. ಮಾವನನ್ನು ಬಲಿ ತೆಗೆದುಕೊಂಡ ರೋಗಕ್ಕೆ ಸೊಸೆ ತೋಳೊಡ್ಡಿ ಕೊಟ್ಟ ಉತ್ತರ ಅದು.

ಮುಖ್ಯಮಂತ್ರಿಗಳ ಲೆಕ್ಕವೂ ಅಷ್ಟೇ. ಗುಂಡೂರಾಯರು 1983ರ ಚುನಾವಣೆ ಸೋತರು, ಹೆಗಡೆಯವರು ದೂರವಾಣಿ ಕದ್ದಾಲಿಕೆ ಹಗರಣದಲ್ಲಿ ರಾಜೀನಾಮೆ ಕೊಟ್ಟರು, ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಊರು ಮಾಡಿದ ತಪ್ಪೇನು? ಸಿದ್ದರಾಮಯ್ಯನವರು ಹತ್ತಾರು ಸಲ ಬಂದು ಹೋಗಿಯೂ 2018ರಲ್ಲಿ ಐದು ವರ್ಷದ ಅವಧಿ ಪೂರೈಸಿದರು.

ಆಷಾಢದಲ್ಲಿ ಚಾಮರಾಜೇಶ್ವರನ ತೇರು ನಡೆಯುತ್ತದೆ. ಹೊಸದಾಗಿ ಮದುವೆಯಾದವರು ದೂರದೂರುಗಳಿಂದ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ. ಜಿಲ್ಲಾಡಳಿತ ಅವರಿಗೆ ಈ ಕತೆ ಹೇಳಲಿ. ಜನನ ಮಂಟಪದಲ್ಲೂ ಪರವಾಸುದೇವ ದೇವಾಲಯದಲ್ಲೂ ಓದಲು ಬರುವಂಥ ದೊಡ್ಡ ಅಕ್ಷರದ ಫಲಕ ಹಾಕಲಿ, ಶಾಲೆಯ ಮಕ್ಕಳನ್ನು ಹಂಗಳಕ್ಕೂ ಕರೆದೊಯ್ಯಲಿ. ಮುಂದೆ ಯಾವ ಮುಖ್ಯಮಂತ್ರಿಯೇ ಜಿಲ್ಲೆಗೆ ಬರಲಿ, ಮೊದಲು ಜನನ ಮಂಟಪಕ್ಕೆ ಹೋಗಿ ಇಪ್ಪತ್ತೆರಡಕ್ಕೇ ಕಣ್ಮುಚ್ಚಿದ ಆ ದೊರೆಗೆ ಒಂದು ಹೂವಿಟ್ಟು ಬರಲಿ.