ಊರಿನ ಹುಟ್ಟುಹಬ್ಬ

ಮಗುವಿನ ಹುಟ್ಟುಹಬ್ಬ ಬಂದಾಗ ಮನೆಯ ಹಿರಿಯರು ಅದು ಹುಟ್ಟಿದ ದಿನದ ಮಳೆಯನ್ನೋ ಬಿಸಿಲನ್ನೋ, ಅಂದು ತೊಟ್ಟಿಲು ತೂಗಿದವರನ್ನೋ ನೆನೆಯುವುದುಂಟು. ಹಬ್ಬದ ಪಾಯಸಕ್ಕಿಂತ ಆ ಮಾತುಕತೆಯೇ ಮಗುವಿಗೆ ಹೆಚ್ಚು ಪ್ರಿಯ. ಊರಿನ ಹುಟ್ಟುಹಬ್ಬದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ದೀಪಾಲಂಕಾರ, ಮೆರವಣಿಗೆ, ವೇದಿಕೆ, ಹಾರತುರಾಯಿ ಎಲ್ಲವೂ ಇರುತ್ತವೆ. ಊರು ಹುಟ್ಟಿ ಬೆಳೆದ ಕಥೆಯನ್ನು ಹೇಳುವವರಿಗೆ ಮಾತ್ರ ಜಾಗ ಸಿಕ್ಕುವುದಿಲ್ಲ.

2037ನೆಯ ಇಸವಿಗೆ ಬೆಂಗಳೂರು ಪೇಟೆಗೆ ಐನೂರು ವರ್ಷ ತುಂಬುತ್ತದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1537ರಲ್ಲಿ, ಯಲಹಂಕದ ನಾಡಪ್ರಭು ಕೆಂಪೇಗೌಡನು ಇಲ್ಲಿ ಮಣ್ಣಿನ ಕೋಟೆಯನ್ನೂ ಅದರೊಳಗೆ ಪೇಟೆಯನ್ನೂ ಕಟ್ಟಿದನು. ಈಗಿನ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ, ಎತ್ತುಗಳು ನಿಂತಲ್ಲಿಗೆ ಊರಿನ ಎಲ್ಲೆಯನ್ನು ನಿಶ್ಚಯಿಸಿದನೆಂದು ಜನರ ಹೇಳಿಕೆ. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಆ ಐನೂರನೆಯ ವರ್ಷದ ಹೊತ್ತಿಗೆ ತುಂಬು ಹರೆಯದವರಾಗಿರುತ್ತಾರೆ. ಆ ಉತ್ಸವ ಹೇಗಿರಬೇಕೆಂಬ ವಿಚಾರ ಅವರಿಗೆ ಸಂಬಂಧಿಸದ ದೊಡ್ಡವರ ಮಾತೇನೂ ಅಲ್ಲ.

ಮೊದಲಿಗೆ ಒಂದು ತೊಡಕು ಎದುರಾಗುತ್ತದೆ. ಹುಟ್ಟುಹಬ್ಬ ಯಾರದು? ಪೇಟೆಗೆ ಐನೂರು ವರ್ಷವಾದರೆ ಊರಿನ ಹೆಸರಿಗೆ ಅದಕ್ಕಿಂತ ಬಹಳ ಹೆಚ್ಚು ವಯಸ್ಸಾಗಿದೆ. ಹೊಯ್ಸಳ ರಾಜ ಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಬಂದಾಗ ಮುದುಕಿಯೊಬ್ಬಳು ಅವನಿಗೆ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಹೆಸರಾಯಿತು ಎಂಬ ಕಥೆ ಮಕ್ಕಳಿಗೆಲ್ಲ ಗೊತ್ತು. ಕಥೆ ಸೊಗಸಾಗಿದೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಒಂದು ಕಲ್ಲು ಇದೆ. ಗಂಗರ ಕಾಲದ ಆ ಶಾಸನದಲ್ಲಿ ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ಪ್ರಸ್ತಾಪ ಬರುತ್ತದೆ. ಹನ್ನೆರಡನೆಯ ಶತಮಾನದ ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಈ ಊರು ಬೆಂಗಳೂರು ಎನಿಸಿಕೊಂಡಿತ್ತು ಎಂಬುದನ್ನು ಆ ಮೂಕ ಕಲ್ಲು ಖಚಿತವಾಗಿ ಹೇಳುತ್ತದೆ. ಅಂತಹ ಸಾಕ್ಷಿಯನ್ನು ಕಣ್ಣಾರೆ ಕಂಡ ಬೆಂಗಳೂರಿಗರು ಎಷ್ಟು ಮಂದಿ? ಚಿನ್ನದ ಪೆಟ್ಟಿಗೆಯಲ್ಲಿ ಇಡಬೇಕಾದ ಕಲ್ಲು ಬಹುಕಾಲ ಗಾಳಿ ಮಳೆಗಳ ಪಾಲಾಗಿ, ಕೇಳುವವರಿಲ್ಲದೆ ನಿಂತಿತ್ತು.

ನೆರೆಯ ಮದರಾಸಿಗೂ ಇಂಥದೇ ತೊಡಕು ಇತ್ತು. 1639ನೆಯ ಆಗಸ್ಟ್ 22ರಂದು ಇಂಗ್ಲಿಷ್ ವರ್ತಕರಿಗೆ ಕಡಲ ತಡಿಯ ತುಣುಕು ನೆಲ ದೊರೆತುದನ್ನು ಆ ನಗರದ ಜನ್ಮದಿನವೆಂದು ಎಣಿಸುತ್ತಾರೆ. ಮೈಲಾಪುರವೂ ತಿರುವಲ್ಲಿಕ್ಕೇಣಿಯೂ ಅದಕ್ಕಿಂತ ಎಷ್ಟೋ ಹಳೆಯವು. ವರ್ತಕರ ದಿನವನ್ನು ಹುಟ್ಟುಹಬ್ಬವೆನ್ನುವುದು ಸರಿಯೇ ಎಂದು ಆಕ್ಷೇಪಿಸಿದವರೂ ಉಂಟು. ಆದರೂ 2004ರಲ್ಲಿ ಎಸ್. ಮುತ್ತಯ್ಯ ಮೊದಲಾದ ಕೆಲವು ಆಸಕ್ತರು ಆ ದಿನವನ್ನು ಆಚರಿಸಲು ತೊಡಗಿದರು. ದೊಡ್ಡ ವೇದಿಕೆಯನ್ನು ನೆಚ್ಚಿಕೊಂಡ ಹಬ್ಬ ಅದಲ್ಲ. ಹಳೆಯ ಬೀದಿಗಳಲ್ಲಿ ನಡೆದಾಡಿ ಕಟ್ಟಡಗಳ ಚರಿತ್ರೆಯನ್ನು ಹೇಳುವುದು, ಹಳೆಯ ಚಿತ್ರಗಳ ಪ್ರದರ್ಶನ, ಉಪನ್ಯಾಸ, ಶಾಲಾ ಮಕ್ಕಳ ಸ್ಪರ್ಧೆ, ಇವೇ ಅದರ ಸಾಮಗ್ರಿ. ಯಾರು ಬೇಕಾದರೂ ತಮ್ಮ ಬೀದಿಯಲ್ಲಿ ತಮಗೆ ತಿಳಿದುದನ್ನು ಮಾಡಬಹುದು. ಒಂದು ದಿನದ ಆಚರಣೆ ವರ್ಷ ಕಳೆದಂತೆ ವಾರಕ್ಕೆ ಹಬ್ಬಿತು. ಜನ್ಮದಿನ ಯಾವುದೆಂಬ ಚರ್ಚೆಯೂ ಅಲ್ಲಿ ವ್ಯರ್ಥವಾಗಲಿಲ್ಲ. ಆ ನೆವದಿಂದ ಮೈಲಾಪುರದ ಪ್ರಾಚೀನತೆಯ ಕಡೆಗೂ ಜನರ ಗಮನ ಹರಿಯಿತು.

ಬೆಂಗಳೂರಿನಲ್ಲಿ ಇಂಥ ಕೆಲಸ ನಡೆದೇ ಇಲ್ಲವೆಂದರೆ ತಪ್ಪಾಗುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟ 1905ರಲ್ಲಿ ಹೊರಬಂದಿತು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರು ಅಲೆದು, ಪ್ರತಿ ಮಾಡಿಕೊಂಡು, ಓದಿ ಅಚ್ಚು ಹಾಕಿಸಿದ ಗ್ರಂಥ ಅದು. ಶಾಸನಗಳೇನೋ ಪುಸ್ತಕದಲ್ಲಿ ಭದ್ರವಾಗಿವೆ, ಕಲ್ಲುಗಳು ಭದ್ರವಾಗಿಲ್ಲ. ಊರುಗಳು ಬಡಾವಣೆಗಳಾದವು, ಹೊಲಗಳು ನಿವೇಶನಗಳಾದವು. ಕೆಲವು ಕಲ್ಲುಗಳು ಪಾಯಕ್ಕೆ ಬಿದ್ದವು, ಕೆಲವು ರಸ್ತೆಯಡಿಯಲ್ಲಿ ಹೂತುಹೋದವು. ಗ್ರಂಥವನ್ನು ಕೈಯಲ್ಲಿ ಹಿಡಿದು ಹೊರಟರೆ ಕಾಣಸಿಗದ ಕಲ್ಲುಗಳೇ ಬಹಳ. ಸಾವಿರ ವರ್ಷ ಬಿಸಿಲು ಮಳೆಗಳನ್ನು ತಾಳಿದ ಬರಹ ಒಂದು ಮಧ್ಯಾಹ್ನದ ಅಗೆತದಲ್ಲಿ ಮಾಯವಾಗುತ್ತದೆ. ಅಳಿಸಿದವನ ಮನಸ್ಸಿನಲ್ಲಿ ಕೇಡೂ ಇರುವುದಿಲ್ಲ. ಅದು ಏನೆಂದು ಅವನಿಗೆ ಹೇಳಿದವರಿರಲಿಲ್ಲ, ಅಷ್ಟೆ.

ಹೇಳಿದರೆ ಏನಾಗುತ್ತದೆಂಬುದಕ್ಕೆ ಹೆಬ್ಬಾಳವೇ ನಿದರ್ಶನ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಅಂದರೆ ಎಂಟನೆಯ ಶತಮಾನದ್ದು. ಊರನ್ನು ಕಾಯಲು ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ. ಬೆಂಗಳೂರಿನ ನೆಲದಲ್ಲಿ ಅಷ್ಟು ಹಿಂದೆಯೇ ಕನ್ನಡ ಬರೆಯುತ್ತಿದ್ದರೆಂಬುದಕ್ಕೆ ಅದು ಆಧಾರ. ಕಲ್ಲಿನ ಮಹತ್ವ ತಿಳಿದ ಮೇಲೆ ಊರವರೂ ಆಸಕ್ತರೂ ಕೂಡಿ ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಇಂತಹ ಕಲ್ಲುಗಳನ್ನು ಯಂತ್ರದ ಕಣ್ಣಿನಿಂದ ಸುತ್ತಲೂ ನೋಡಿ, ಅಕ್ಷರದ ಆಳವೂ ತಿಳಿಯುವಂತೆ ದಾಖಲಿಸುತ್ತಿದೆ. ಕಲ್ಲು ಸವೆದರೂ ಬರಹ ಉಳಿಯುವ ಉಪಾಯ ಇದು.

2022ರಲ್ಲಿ ಕೆಂಪೇಗೌಡನ 108 ಅಡಿ ಎತ್ತರದ ಪ್ರತಿಮೆಯೊಂದು ವಿಮಾನ ನಿಲ್ದಾಣದ ಬಳಿ ಅನಾವರಣಗೊಂಡಿತು. ಊರು ಕಟ್ಟಿದವನಿಗೆ ಆ ಗೌರವ ಸಲ್ಲಬೇಕಾದದ್ದೇ. ಉತ್ಸವವೆಂದ ಮೇಲೆ ಸಂಭ್ರಮ ಬೇಡವೇ, ಮೆರವಣಿಗೆಯಿಂದ ದುಡಿಯುವ ಜನರಿಗೂ ಒಂದು ಸಂತೋಷ ದೊರೆಯುವುದಿಲ್ಲವೇ ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ. ಬೆಂಗಳೂರು ಕರಗಕ್ಕೆ ಸೇರುವ ಜನಸಾಗರವನ್ನು ಕಂಡವರಾರೂ ಸಂಭ್ರಮವನ್ನು ಹಳಿಯಲಾರರು. ಆದರೆ ಕರಗದ ಮೆರವಣಿಗೆಗೂ ನೆನಪಿಲ್ಲದ ಮೆರವಣಿಗೆಗೂ ಅಂತರವಿದೆ. ಕರಗ ಯಾವ ಬೀದಿಯಲ್ಲಿ ಸಾಗಬೇಕು, ಯಾವ ಗುಡಿಯ ಮುಂದೆ ನಿಲ್ಲಬೇಕು, ಮಸ್ತಾನ್ ಸಾಹೇಬರ ದರ್ಗಾಕ್ಕೆ ಏಕೆ ಹೋಗಬೇಕು ಎಂಬುದೆಲ್ಲ ಪೇಟೆಯ ಹಳಬರಿಗೆ ಗೊತ್ತು. ಅಲ್ಲಿ ಉತ್ಸವವೇ ಊರಿನ ನಕ್ಷೆ.

ಪೇಟೆಯ ಹೆಸರುಗಳೂ ಹಾಗೆಯೇ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಯಾರು ಏನು ಮಾಡಿ ಬದುಕುತ್ತಿದ್ದರೆಂಬುದನ್ನು ಹೆಸರೇ ಸಾರುತ್ತದೆ. ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಜೋರಾಗಿ ಮಳೆ ಸುರಿದಾಗ ತಗ್ಗಿನಲ್ಲಿ ನೀರೇಕೆ ನಿಲ್ಲುತ್ತದೆಂದು ಅಚ್ಚರಿಪಡುವವರಿಗೆ ಈ ಎರಡು ಸಂಗತಿ ತಿಳಿದಿದ್ದರೆ ಸಾಕು.

ಇನ್ನು ಸಾಹಿತ್ಯದ ಮಾತು. ಊರಿನ ಚರಿತ್ರೆಯಲ್ಲಿ ಕಲ್ಲಿನ ಪಾಲು ಅರ್ಧವಾದರೆ ಉಳಿದರ್ಧ ಬರೆದವರದು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಗೆದ್ದ ಮೇಲೆ ಇಲ್ಲಿ ನೆಲೆಸಿದ ಶಹಾಜಿಯನ್ನು ಆಶ್ರಯಿಸಿದ್ದ ಜಯರಾಮ ಪಿಂಡ್ಯೆ ಎಂಬ ಕವಿ 'ರಾಧಾಮಾಧವ ವಿಲಾಸ ಚಂಪೂ' ಬರೆದನು. ಹಲವು ಭಾಷೆಗಳು ಈ ಪೇಟೆಗೆ ಮೊನ್ನೆ ಮೊನ್ನೆ ಬಂದವಲ್ಲ. ಡಿ. ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯನ್ನು ತೆರೆದರೆ ಹಿಂದಿನ ಬೆಂಗಳೂರಿನ ವಿದ್ವಾಂಸರೂ ಅಧಿಕಾರಿಗಳೂ ಸಂಗೀತಗಾರರೂ ಎದುರಿಗೆ ಬಂದು ಕುಳಿತಂತಾಗುತ್ತದೆ. ಕೆಂಪಾಂಬುಧಿ ಕೆರೆಯ ಬಳಿಯ ಗೋಪುರದಿಂದ ಹೊರಟು ಗವಿ ಗಂಗಾಧರೇಶ್ವರನ ಗುಡಿ, ಗವಿಪುರದಲ್ಲಿ ಮಾಸ್ತಿಯವರು ಬಾಳಿದ ಮನೆ, ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ, ಇಷ್ಟನ್ನೂ ಒಂದೇ ಬೆಳಗಿನ ನಡಿಗೆಯಲ್ಲಿ ನೋಡಿ ಮುಗಿಸಬಹುದು. ಮಾಸ್ತಿಯವರ ಒಂದು ಕಥೆಯನ್ನು ಅವರ ಬೀದಿಯಲ್ಲಿಯೇ ನಿಂತು ಗಟ್ಟಿಯಾಗಿ ಓದುವುದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಒಂದೊಂದು ಪ್ರೌಢಶಾಲೆ ತನ್ನ ಸುತ್ತಿನ ಒಂದು ಹಳ್ಳಿಯನ್ನೋ ಪೇಟೆಯನ್ನೋ ಆರಿಸಿಕೊಂಡು, ಅಲ್ಲಿನ ಕಲ್ಲು, ಕೆರೆ, ಬೀದಿಯ ಹೆಸರು, ಹಿರಿಯರ ನೆನಪು, ಅಲ್ಲಿ ಬಾಳಿದ ಲೇಖಕ, ಇಷ್ಟನ್ನು ಸಣ್ಣ ಹೊತ್ತಗೆಯಾಗಿ ತಂದರೆ, ಐನೂರನೆಯ ವರ್ಷಕ್ಕೆ ಬೆಂಗಳೂರಿನ ಚರಿತ್ರೆಯನ್ನು ಬೆಂಗಳೂರೇ ಬರೆದಂತಾಗುತ್ತದೆ. ಈ ಕೆಲಸವನ್ನು 2037ಕ್ಕೆ ಆರಂಭಿಸಿದರೆ ಪ್ರಯೋಜನವಿಲ್ಲ. ಹಳೆಯ ಕೆರೆಯಲ್ಲಿ ಈಜಿದವರು, ಹಳ್ಳಿ ಬಡಾವಣೆಯಾಗುವ ಮುನ್ನ ಅಲ್ಲಿ ಉತ್ತವರು ಅಷ್ಟು ದಿನ ಕಾಯುತ್ತ ಕುಳಿತಿರುವುದಿಲ್ಲ. ರೈಸರ ಗ್ರಂಥದಲ್ಲಿರುವ ಕಲ್ಲು ಈಗ ಎಲ್ಲಿದೆಯೆಂಬುದನ್ನು ಬಲ್ಲವರು ಅವರೇ. ಇಂದೇ ಹೋಗಿ ಕೇಳಿದರೆ, ಹಿತ್ತಲಲ್ಲಿ ಬಟ್ಟೆ ಒಗೆಯಲು ಹಾಸಿದ ಚಪ್ಪಡಿಯನ್ನು ತೋರಿಸಿ, ಇದರ ಅಡಿಮಗ್ಗುಲಲ್ಲಿ ಏನೋ ಬರೆದಿದೆಯಪ್ಪ, ಎತ್ತಿ ನೋಡು ಎನ್ನುವ ಅಜ್ಜಿ ಇನ್ನೂ ಇದ್ದಾಳು.