ಎಲ್ಲವನ್ನೂ ನಿಭಾಯಿಸಿಕೊಂಡು...

ಹೆಂಗಸೊಬ್ಬಳು ಏನಾದರೂ ದೊಡ್ಡದನ್ನು ಸಾಧಿಸಿದಳೆನ್ನಿ, ಸನ್ಮಾನದ ವೇದಿಕೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಮನೆ, ಗಂಡ, ಮಕ್ಕಳು ಎಲ್ಲವನ್ನೂ ನಿಭಾಯಿಸಿಕೊಂಡು...’ ಕೆಳಗೆ ಕೂತ ನಾವೂ ಚಪ್ಪಾಳೆ ತಟ್ಟುತ್ತೇವೆ. ಈ ಹೊಗಳಿಕೆಯ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಇಂಗ್ಲೆಂಡಿನ ಬೆರಿಲ್ ಬರ್ಟನ್ ಎಂಬ ಸೈಕಲ್ ಓಟಗಾರ್ತಿಯ ಕಥೆ ತಿಳಿದ ಮೇಲಂತೂ ಆ ಗುಮಾನಿ ಸಿಟ್ಟಾಗಿದೆ.

ಬೆರಿಲ್ ಹುಟ್ಟಿದ್ದು 1937ರಲ್ಲಿ, ಯಾರ್ಕ್‌ಷೈರಿನ ಲೀಡ್ಸ್‌ನಲ್ಲಿ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದವಳು. ಸೈಕಲ್ಲಿನ ಹುಚ್ಚು ಹಿಡಿಸಿದವನು ಗಂಡ ಚಾರ್ಲಿ. ಮುಂದೆ ಅವಳ ಸೈಕಲ್ಲಿನ ಮೆಕ್ಯಾನಿಕ್ಕೂ ಅವನೇ. ರೂಬಾರ್ಬ್ ಎಂಬ ಹುಳಿ ದಂಟು ಬೆಳೆಯುವ ಹೊಲದಲ್ಲಿ ಮೈಮುರಿಯುವ ಕೆಲಸ. ಒಬ್ಬಳು ಮಗಳು, ಡೆನಿಸ್. ಬರೆಯುವವರಿಗೆ ಇಷ್ಟು ಸಿಕ್ಕರೆ ಸಾಕು, ‘ಯಾರ್ಕ್‌ಷೈರಿನ ಗೃಹಿಣಿ’ ಎಂದು ಶುರು ಮಾಡಿಬಿಡುತ್ತಾರೆ.

ಆ ಗೃಹಿಣಿ ಮಾಡಿದ್ದೇನು ನೋಡಿ. ಟ್ರ್ಯಾಕಿನಲ್ಲಿ ‘ಪರ್ಸ್ಯೂಟ್’ ಎಂಬ ಸ್ಪರ್ಧೆಯಿದೆ. ಅಂಚು ಮೇಲೆದ್ದ ಬಟ್ಟಲಿನಂಥ ಹಾದಿ. ಇಬ್ಬರು ಎದುರುಬದುರು ಬದಿಗಳಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟಬೇಕು. ಆ ಸೈಕಲ್ಲಿಗೆ ಬ್ರೇಕಿಲ್ಲ, ಒಂದೇ ಗೇರು, ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಕಾಲು ನಿಲ್ಲಿಸುವಂತಿಲ್ಲ. (ನಮ್ಮ ದಿನಚರಿಗೇನು ಬ್ರೇಕಿದೆಯೇ ಅಂತೀರಾ?) ಇದರಲ್ಲಿ ಬೆರಿಲ್ 1959, 1960, 1962, 1963, 1966ರಲ್ಲಿ ವಿಶ್ವ ಚಾಂಪಿಯನ್. ರಸ್ತೆ ಓಟದಲ್ಲಿ ಇನ್ನೆರಡು ಸಲ.

1967ರ ಹನ್ನೆರಡು ಗಂಟೆಗಳ ಓಟದಲ್ಲಿ ಆಕೆ ಕ್ರಮಿಸಿದ್ದು 277.25 ಮೈಲಿ. ಅದೇ ದಿನ ಅದೇ ರಸ್ತೆಯಲ್ಲಿ ಗಂಡಸರ ಹೊಸ ದಾಖಲೆ ಬರೆದ ಮೈಕ್ ಮೆಕ್‌ನಮಾರಾ ಕ್ರಮಿಸಿದ್ದು 276.52. ಅವನನ್ನು ಹಿಂದೆ ಹಾಕುವಾಗ ಬೆರಿಲ್ ಜೇಬಿನಿಂದ ಒಂದು ಮಿಠಾಯಿ ತೆಗೆದು ಕೊಟ್ಟಳಂತೆ. ಎಲ್ಲರ ನೆನಪಲ್ಲೂ ಉಳಿದದ್ದು ಆ ಮಿಠಾಯಿ! ಹೆಂಗಸರಲ್ಲಿ ಆ ದೂರವನ್ನು ಮೀರಲು 2017ರವರೆಗೆ ಯಾರಿಗೂ ಆಗಲಿಲ್ಲವೆಂಬುದು ಎಷ್ಟು ಜನಕ್ಕೆ ಗೊತ್ತು?

ಇಂಥವಳಿಗೆ ಒಲಿಂಪಿಕ್ ಪದಕ ಎಷ್ಟು? ಒಂದೂ ಇಲ್ಲ. ಸೋತಳೆಂದಲ್ಲ, ಅವಳಿಗೆ ಅಲ್ಲಿ ಓಟವೇ ಇರಲಿಲ್ಲ. ಗಂಡಸರು 1896ರ ಅಥೆನ್ಸ್‌ನಿಂದಲೇ ಟ್ರ್ಯಾಕಿನಲ್ಲಿ ಸೈಕಲ್ ತುಳಿಯುತ್ತಿದ್ದರು. ಹೆಂಗಸರಿಗೆ ರಸ್ತೆ ಓಟ ಸಿಕ್ಕಿದ್ದು 1984ರಲ್ಲಿ, ಟ್ರ್ಯಾಕ್ ಸಿಕ್ಕಿದ್ದು 1988ರಲ್ಲಿ, ಬೆರಿಲ್‌ಳ ಪರ್ಸ್ಯೂಟ್ ಬಂದದ್ದು 1992ರಲ್ಲಿ. ಆಗ ಆಕೆಗೆ ಐವತ್ತೈದು. ಸ್ಪರ್ಧಿಸುವ ಹೆಂಗಸರೇ ಇರಲಿಲ್ಲವೆಂದು ಯಾರೂ ಸಬೂಬು ಹೇಳುವಂತಿಲ್ಲ. 1958ರಿಂದಲೇ ಅವರಿಗೆ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಹೊಲ, ಮನೆ, ಮಗಳು ಇವ್ಯಾವುವೂ ಅವಳನ್ನು ತಡೆಯಲಿಲ್ಲ. ತಡೆದದ್ದು ಮೇಜಿನ ಸುತ್ತ ಕೂತ ಮಹನೀಯರು. ‘ಎಲ್ಲವನ್ನೂ ನಿಭಾಯಿಸಿಕೊಂಡು’ ಎಂದು ನಾವು ಹಾಡಿ ಹೊಗಳುತ್ತಿರುವಷ್ಟು ಹೊತ್ತೂ ಆ ಮಹನೀಯರನ್ನು ಯಾರೂ ಪ್ರಶ್ನಿಸುವುದಿಲ್ಲ.

1976ರ ರಾಷ್ಟ್ರೀಯ ಓಟದಲ್ಲಿ ಮಗಳು ಡೆನಿಸ್ ತಾಯಿಯನ್ನೇ ಸೋಲಿಸಿದಳು. ಬೆರಿಲ್ ಮಗಳ ಕೈ ಕುಲುಕಲಿಲ್ಲ. ‘ತಾಯಿಯಾದವಳು ಹೀಗೆ ಮಾಡಬಹುದೇ?’ ಮಾಡಬಾರದಿತ್ತು, ನಿಜ. ಆದರೆ ಮಗನ ಕೈ ಕುಲುಕದ ಅಪ್ಪನನ್ನು ಛಲಗಾರ ಎನ್ನುತ್ತಿದ್ದರಲ್ಲವೇ?

ಇನ್ನೊಂದು ಲೆಕ್ಕವಿದೆ. ಪರ್ಸ್ಯೂಟ್ ಗಂಡಸರಿಗೆ 4000 ಮೀಟರ್, ಹೆಂಗಸರಿಗೆ 3000. ಹನ್ನೆರಡು ಗಂಟೆ ಸೈಕಲ್ ತುಳಿದು ಗಂಡಸರ ದಾಖಲೆ ಮುರಿದವಳಿಗೆ ಇನ್ನೊಂದು ಸಾವಿರ ಮೀಟರ್ ಭಾರವಾಗುತ್ತಿತ್ತೇ? ಕೊನೆಗೂ 2025ರಲ್ಲಿ ಹೆಂಗಸರಿಗೂ 4000 ಮೀಟರ್ ಆಯಿತು. ಬೆರಿಲ್ 1996ರ ಮೇ ತಿಂಗಳಲ್ಲೇ, ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ತೀರಿಕೊಂಡಿದ್ದಳು. ಐವತ್ತೊಂಬತ್ತು ತುಂಬಲು ಇನ್ನೊಂದು ವಾರವಿತ್ತು.